ಮಾವನ ಮುಂದಿನ ಮೆಷಿನ್

ಮಂಗಳೂರಿನಲ್ಲಿ ವಿಡಿಯೋ ಗೇಮಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರು ಯಾರು ಎಂದು ನನ್ನನ್ನು ಕೇಳಿದರೆ ಎದೆ ತಟ್ಟಿ ಹೇಳುತ್ತೇನೆ: ನಮ್ಮ ಮಾವ! ಅವರು ಜೀವಮಾನದಲ್ಲಿ ಒಂದು ಸಲವೂ ವಿಡಿಯೋ ಗೇಮ್ ಆಡಿದವರಲ್ಲ ಎಂಬುದು ಬೇರೆ ಮಾತು. ದಡದಲ್ಲಿ ನಿಂತು ಈಜು ಕಲಿಸುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಮಾವ ನೀರನ್ನೇ ನೋಡದೆ ಕಲಿಸುತ್ತಿದ್ದರು. ಅವರು ಹೇಳಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಯೋಗ್ಯತೆ ಊರಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಹಾಗಾಗಿ ಅವರು ಹೇಳಿದ್ದೆಲ್ಲ ಸರಿಯೇ ಆಗಿತ್ತು!

ನಾನು ಹೇಳುತ್ತಿರುವುದು ಎಂಬತ್ತರ ದಶಕದ ಸಂಗತಿ. ಬೋಳಾರದ ನಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ಅಪ್ಪ, ನಾನು ಮತ್ತು ಅಮ್ಮನ ತಮ್ಮನಾದ ಈ ಮಾವ. ಅಪ್ಪ ಫಳ್ನೀರಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮಾವ ಬಂದರಿನ ಕಡೆ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ಗುಮಾಸ್ತ. ಹಡಗಿನವರ ಸಹಿ ಹಾಕಿಸಿ ತರುವುದು ಅವರ ಕೆಲಸ. ಹಾಗೆ ಹೋದಾಗ ನಾವಿಕರು ಓದಿ ಬಿಸಾಡಿದ ಇಂಗ್ಲಿಷ್ ಪತ್ರಿಕೆಗಳನ್ನು ಹೊತ್ತು ತರುವುದು ಅವರ ಜೀವನ.

ಆ ಪತ್ರಿಕೆಗಳಲ್ಲಿಯೇ ಅವರಿಗೆ ವಿಡಿಯೋ ಗೇಮಿನ ದರ್ಶನವಾದದ್ದು. ಅಮೆರಿಕದಲ್ಲಿ ಒಂದು ಪೆಟ್ಟಿಗೆಯನ್ನು ಟಿ.ವಿ.ಗೆ ಸಿಕ್ಕಿಸುತ್ತಾರಂತೆ, ಅದಕ್ಕೊಂದು ಕ್ಯಾಸೆಟ್ ಹಾಕುತ್ತಾರಂತೆ, ಕೋಲು ಹಿಡಿದು ಕೂತರೆ ಪರದೆಯ ಮೇಲಿನ ಚುಕ್ಕಿ ನಾವು ಹೇಳಿದಂತೆ ಕೇಳುತ್ತದಂತೆ. ಆ ಪೆಟ್ಟಿಗೆಗೆ ಮಾವ ಇಟ್ಟ ಹೆಸರು ‘ಮೆಷಿನ್’. ಈಗಿನ ಮೆಷಿನಿನ ಬಗ್ಗೆ ಅವರಿಗೆ ಅಂತಹ ಗೌರವವೇನೂ ಇರಲಿಲ್ಲ. ಅವರ ಮನಸ್ಸೆಲ್ಲ ಇದ್ದದ್ದು ಮುಂದಿನದರ ಮೇಲೆ.

“ಇದು ಎಂತದ್ದೂ ಅಲ್ಲ ಮಾರಾಯ್ರೇ. ಮುಂದಿನ ಮೆಷಿನ್ ಬರ್ಲಿ, ಆಮೇಲೆ ನೋಡಿ!”

ಪತ್ರಿಕೆಗಳು ಹಡಗಿನಲ್ಲಿ ಊರೂರು ಸುತ್ತಿ, ನಾವಿಕರ ತಲೆದಿಂಬಿನ ಅಡಿ ಮಲಗಿ, ಮಾವನ ಕೈಸೇರುವಾಗ ವರ್ಷ ಕಳೆದಿರುತ್ತಿತ್ತು. ಅಂದರೆ ಮಾವ ಭವಿಷ್ಯ ನುಡಿಯುತ್ತಿದ್ದ ಮುಂದಿನ ಮೆಷಿನ್ ಅಮೆರಿಕದಲ್ಲಿ ಬಂದು, ಹಳತಾಗಿ, ಅಟ್ಟ ಸೇರಿರುತ್ತಿತ್ತು! ಇದನ್ನು ಅಪ್ಪ ಒಮ್ಮೆ ಎತ್ತಿ ತೋರಿಸಿದರು. ಮಾವ ತಲೆ ಕೆಡಿಸಿಕೊಳ್ಳಲಿಲ್ಲ. “ಅದು ಅವರಿಗೆ ಹಳತು ಭಾವ. ನಮಗೆ ಇನ್ನೂ ಬರ್ಲಿಕ್ಕೆ ಉಂಟಲ್ಲ?” ಎಂದರು.

ಮುಂದಿನದು ಬರಲಿ ಎಂಬ ಈ ರೋಗ ಮೆಷಿನಿಗೆ ಮಾತ್ರ ಸೀಮಿತವಾಗಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಅಮ್ಮ ಮಿಕ್ಸಿ ಕೊಳ್ಳಲು ಹೊರಟರೆ ಅಡ್ಡ ಬಂದರು. ಮುಂದಿನ ಮಿಕ್ಸಿಗೆ ಸದ್ದೇ ಇರುವುದಿಲ್ಲವಂತೆ! ಅಮ್ಮ ಎರಡು ಮಳೆಗಾಲ ಕಡೆಯುವ ಕಲ್ಲಿನ ಮುಂದೆ ಕೂತು ತಮ್ಮನನ್ನು ಶಪಿಸುತ್ತ ಮೀನಿನ ಸಾರಿಗೆ ಮಸಾಲೆ ಅರೆದರು. ಮಾವನ ಹಳೆಯ ಕೊಡೆಯ ಕಡ್ಡಿಗಳು ಒಂದೊಂದಾಗಿ ಕಳಚಿ ಬಿದ್ದವು. ಹೊಸದು ಕೊಳ್ಳುವುದಿಲ್ಲ, ಯಾಕೆಂದರೆ ಗುಂಡಿ ಒತ್ತಿದರೆ ತಾನೇ ಬಿಚ್ಚುವ ಕೊಡೆ ಬರಲಿಕ್ಕಿದೆ. ಮಂಗಳೂರಿನ ಮಳೆಗೆ ಈ ಸಂಗತಿ ತಿಳಿದಿರಲಿಲ್ಲವಾದ್ದರಿಂದ ಅದು ಕಾಯಲಿಲ್ಲ. ಮಾವ ದಿನವೂ ನೆನೆದ ಬೆಕ್ಕಿನಂತೆ ಮನೆಗೆ ಬರುತ್ತಿದ್ದರು.

ಅವರ ಮದುವೆಯ ಮಾತೂ ಹೀಗೆಯೇ ಮುಗಿಯಿತು. ಹುಡುಗಿ ನೋಡಲು ಹೋಗಿದ್ದೆವು. ಹುಡುಗಿ ಚಂದ, ಬುದ್ಧಿವಂತೆ, ಮನೆಯವರು ಒಳ್ಳೆಯವರು. ಗೋಳಿಬಜೆ ಬಂತು, ಚಾ ಬಂತು. ಇಬ್ಬರೂ ಮಾತಾಡಲಿ ಎಂದು ಹಿರಿಯರು ಜಗಲಿಗೆ ಹೋದರು. ಮಾವ ಆ ಹುಡುಗಿಗೆ ಮುಂದಿನ ಮೆಷಿನಿನ ಬಣ್ಣ, ಸದ್ದು, ವೇಗ ಎಲ್ಲವನ್ನೂ ವಿವರಿಸಿದರು. ಆಕೆ ಶ್ರದ್ಧೆಯಿಂದ ಕೇಳಿ ಕೊನೆಗೆ ಒಂದೇ ಪ್ರಶ್ನೆ ಹಾಕಿದಳು: “ಈಗಿನ ಮೆಷಿನ್ ನಿಮ್ಮಲ್ಲಿ ಉಂಟಾ?”

“ಇಲ್ಲ.”

“ಟಿ.ವಿ. ಉಂಟಾ?”

“ಮುಂದಿನ ಟಿ.ವಿ...” ಎಂದು ಮಾವ ಆರಂಭಿಸಿದರು. ಅಲ್ಲಿಗೆ ಆ ಸಂಬಂಧ ಮುಗಿಯಿತು!

ನೀವು ನಗುತ್ತಿದ್ದೀರಿ. ನಗಿ. ಆದರೆ ಮಾವನಲ್ಲಿ ಬರೀ ಕಾಯುವ ಚಟವಿರಲಿಲ್ಲ, ಒಂದು ಸಿದ್ಧಾಂತವೂ ಇತ್ತು. ಮೆಷಿನ್ ಮಾಡಿದ ಕಂಪೆನಿಯೇ ಆಟಗಳನ್ನೂ ಮಾಡಿದರೆ ಆ ಮೆಷಿನ್ ಉಳಿಯುವುದಿಲ್ಲ, ಹೊರಗಿನವರು ಬಂದು ಆಟ ಮಾಡಿಕೊಡಬೇಕು ಎಂಬುದು ಆ ಸಿದ್ಧಾಂತ. ಇದನ್ನು ಅವರು ಚಾವಡಿಯಲ್ಲಿ ಕೂತು ಅಪ್ಪನಿಗೆ ಯಕ್ಷಗಾನದ ಮೂಲಕ ಬೋಧಿಸುತ್ತಿದ್ದರು.

“ನೋಡಿ ಭಾವ, ಮೆಷಿನ್ ಅಂದ್ರೆ ಎಂತ? ರಂಗಸ್ಥಳ. ಮೇಳದ ಯಜಮಾನ ರಂಗಸ್ಥಳ ಕಟ್ಟಿಸ್ತಾನೆ. ಪ್ರಸಂಗವನ್ನೂ ಅವನೇ ಬರೀಲಿಕ್ಕೆ ಕೂತ್ರೆ ಎಂತ ಗತಿ? ನಾಲ್ಕು ದಿನದಲ್ಲಿ ಜನ ಚಾಪೆ ಮಡಚಿಕೊಂಡು ಎದ್ದು ಹೋಗ್ತಾರೆ. ಪ್ರಸಂಗ ಬರೆಯುವವ ಹೊರಗಿನವ ಇರ್ಬೇಕು.”

ಅಪ್ಪ ಅವರಿಗೆ ತಕ್ಕ ಭಾವ. “ನಮ್ಮ ಹೋಟೆಲಿಗೆ ಚಕ್ಕುಲಿ ಹೊರಗಿನವರು ತಂದು ಕೊಡ್ತಾರಲ್ಲ, ಹಾಗೋ?” ಎಂದರು.

“ಅದೇ! ಅದೇ ಭಾವ! ನಿಮಗೆ ಗೊತ್ತುಂಟು!”

ಒಂದು ದಿನವಂತೂ ಮಾವ ಕುಣಿದಾಡುತ್ತ ಬಂದರು. ಅಮೆರಿಕದ ಆ ದೊಡ್ಡ ಕಂಪೆನಿಯ ಕೆಲವು ಕೆಲಸಗಾರರು, ಆಟ ಮಾಡಿದ ತಮ್ಮ ಹೆಸರನ್ನು ಡಬ್ಬಿಯ ಮೇಲೆ ಹಾಕಲಿಲ್ಲವೆಂದು ಸಿಟ್ಟಾಗಿ ಹೊರಬಿದ್ದು, ಹೊರಗಿನಿಂದಲೇ ಅದೇ ಮೆಷಿನಿಗೆ ಆಟ ಮಾಡಿ ಮಾರುತ್ತಿದ್ದಾರಂತೆ. ಕಂಪೆನಿ ಕೋರ್ಟಿಗೆ ಹೋದರೂ ತಡೆಯಲಾಗಲಿಲ್ಲವಂತೆ. “ಮೇಳ ಬಿಟ್ಟ ಭಾಗವತರು ಹೊಸ ಮೇಳ ಕಟ್ಟಿದ ಹಾಗೆ!” ಎಂದು ಮಾವ ಆ ಅಪರಿಚಿತ ಅಮೆರಿಕನ್ನರ ಪರವಾಗಿ ನಮಗೆಲ್ಲ ಕಲ್ಲುಸಕ್ಕರೆ ಹಂಚಿದರು. ಬೋಳಾರದಲ್ಲಿ ಕಲ್ಲುಸಕ್ಕರೆ ಹಂಚಿದ ಸಂಗತಿ ಆ ಬಡಪಾಯಿಗಳಿಗೆ ಕೊನೆಗೂ ತಿಳಿಯಲಿಲ್ಲ.

ಇಷ್ಟೊಂದು ಹೊರಗಿನವರ ಚಿಂತೆ ಇವರಿಗೇಕೆ ಎಂದು ನಾನು ಕೇಳಿದ್ದುಂಟು. ಮಾವ ಸುತ್ತ ನೋಡಿ ಸ್ವರ ತಗ್ಗಿಸಿ ಹೇಳಿದರು: “ಹೊರಗಿನವರಿಗೆ ಬಿಟ್ರೆ ಮಾತ್ರ ಯಾರಾದ್ರೂ ಒಬ್ಬ ಚೆನ್ನೆಮಣೆಯ ಕ್ಯಾಸೆಟ್ ಮಾಡಿಯಾನು, ಮಗಳೇ.”

ಈಗ ಚೆನ್ನೆಮಣೆಯ ಕಥೆ ಹೇಳಬೇಕು. ಅದರಲ್ಲಿಯೇ ನಮ್ಮ ಮನೆಯ ದೊಡ್ಡ ಸಂಕಟವೂ ಇದೆ.

ಚೆನ್ನೆಮಣೆ ಎಂದರೆ ಎರಡು ಸಾಲು ಕುಳಿಗಳನ್ನು ಕೊರೆದ ಮರದ ಹಲಗೆ. ಇಬ್ಬರು ಎದುರು ಬದುರು ಕೂತು, ಕುಳಿಯಿಂದ ಕುಳಿಗೆ ಮಂಜೊಟ್ಟಿಯ ಕೆಂಪು ಬೀಜಗಳನ್ನು ಹಾಕುತ್ತ ಆಡುವ ಆಟ. ತುಳುವರ ಮನೆಗಳಲ್ಲಿ ಇದನ್ನು ಆಷಾಢದ ಸುಮಾರಿಗೆ ಬರುವ ಆಟಿ ತಿಂಗಳಲ್ಲಿ, ಮಳೆಗೆ ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಆಡುವುದು ರೂಢಿ. ಒಂದು ಕಟ್ಟಳೆ ಮಾತ್ರ ಇದೆ. ಅಕ್ಕತಂಗಿಯರು ಎದುರು ಬದುರು ಕೂತು ಚೆನ್ನೆ ಆಡಬಾರದು. ಆಡಿದರೆ ಜಗಳವಾಗಿ ಬೇರೆಯಾಗುತ್ತಾರೆ ಎಂದು ನಂಬಿಕೆ.

ಅಜ್ಜಿ ಎಷ್ಟು ಹೇಳಿದರೂ ಕೇಳದೆ ನನ್ನ ಅಮ್ಮ ಮತ್ತು ದೊಡ್ಡಮ್ಮ ಚಿಕ್ಕಂದಿನಲ್ಲಿ ಕದ್ದು ಆಡುತ್ತಿದ್ದರಂತೆ. ಒಳಕೋಣೆಯಲ್ಲಿ ಅಕ್ಕತಂಗಿಯರು, ಬಾಗಿಲಲ್ಲಿ ಕಾವಲಿಗೆ ತಮ್ಮ! ಅಜ್ಜಿ ಬರುವುದು ಕಂಡರೆ ಅವನು ಕೆಮ್ಮಬೇಕು. “ನಿಮಗೆ ಆಡ್ಲಿಕ್ಕೆ ಕೊಡ್ತಿರ್ಲಿಲ್ವಾ ಮಾವ?” ಎಂದರೆ, “ಅದು ಇಬ್ಬರ ಆಟ ಅಲ್ವಾ? ನಾನು ಕೆಮ್ಮುವವ” ಎನ್ನುತ್ತಿದ್ದರು. ಎಷ್ಟು ಕೆಮ್ಮಿದರೆಂದರೆ, ಅಜ್ಜಿ ಅವರಿಗೆ ಮಳೆಗಾಲವಿಡೀ ಕಷಾಯ ಕುಡಿಸಿದರಂತೆ.

ಆ ಅಕ್ಕತಂಗಿಯರು ಮುಂದೆ ನಿಜವಾಗಿಯೂ ಮಾತು ಬಿಟ್ಟರು. ಕಾರಣ ಚೆನ್ನೆಯಲ್ಲ, ಒಂದು ಬೀಗ. ಕುಲಶೇಖರದಲ್ಲಿದ್ದ ದೊಡ್ಡಮ್ಮನ ಮಗಳ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಹತ್ತಿರದವರಿಗೆ ಮದುವೆಯ ಹೇಳಿಕೆಯನ್ನು, ಅಂದರೆ ಕರೆಯನ್ನು, ಮನೆಗೇ ಬಂದು, ವೀಳ್ಯ ಕೊಟ್ಟು ಹೇಳಬೇಕು. ದೊಡ್ಡಮ್ಮ ಬಂದರು. ಆ ಹೊತ್ತಿಗೆ ಅಜ್ಜಿ, ಅಮ್ಮ, ನಾನು ಎಲ್ಲರೂ ಮಂಗಳಾದೇವಿ ದೇವಸ್ಥಾನಕ್ಕೆ ಹೋಗಿದ್ದೆವು. ಮನೆಗೆ ಬೀಗ. ದೊಡ್ಡಮ್ಮ ಪಕ್ಕದ ಮನೆಯ ಲಿಲ್ಲಿ ಬಾಯಿಗೆ ಹೇಳಿ ಹೋದರು, ಮರುದಿನ ಮದುವೆಯ ಕಾಗದವನ್ನು ಮಾವನ ಕೈಯಲ್ಲಿ ಕಳುಹಿಸಿದರು. “ಬೀಗಕ್ಕೆ ಹೇಳಿಕೆ ಹೇಳಿದ್ರೆ ಬೀಗವೇ ಮದುವೆಗೆ ಹೋಗ್ಲಿ!” ಎಂದರು ಅಮ್ಮ. “ಬಂದವಳ ಕಾಲಿಗೆ ನೀರು ಕೊಡುವವರಿಲ್ಲ, ಇನ್ನೊಮ್ಮೆ ಬರ್ಬೇಕಾ?” ಎಂದರು ದೊಡ್ಡಮ್ಮ. ಅಮ್ಮ ಮದುವೆಗೆ ಹೋದರು, ಆದರೆ ಊಟ ಮಾಡದೆ ಬಂದರು. ತುಳುನಾಡಿನಲ್ಲಿ ಮದುವೆಗೆ ಹೋಗಿ ಊಟ ಮಾಡದೆ ಬರುವುದಕ್ಕಿಂತ ಹೋಗದೇ ಇರುವುದು ಎಷ್ಟೋ ಮೇಲು! ಅಲ್ಲಿಗೆ ಇಬ್ಬರ ಮಾತು ನಿಂತಿತು.

ವರ್ಷಗಳು ಉರುಳಿದವು. ದೊಡ್ಡಮ್ಮ ಅಜ್ಜಿಯನ್ನು ನೋಡಲು ಬರುವ ದಿನ ಅಮ್ಮನಿಗೆ ತಪ್ಪದೆ ದೇವಸ್ಥಾನದ ನೆನಪಾಗುತ್ತಿತ್ತು. ಅಜ್ಜಿ ಮಾತ್ರ ಗೋಡೆಗೆ ಒರಗಿ ಕೂತು, “ನಾನು ಅಂದೇ ಹೇಳಿದ್ದೆ, ಚೆನ್ನೆ ಆಡ್ಬೇಡಿ ಅಂತ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಕುಲಶೇಖರದ ಬಸ್ಸಿನಲ್ಲಿ ಅತ್ತಿತ್ತ ಓಡಾಡಿದ್ದು ಮಾವ. ಇವರ ಹಲಸಿನ ಹಪ್ಪಳ ಅವರಿಗೆ, ಅವರ ಮಾವಿನ ಮಿಡಿ ಇವರಿಗೆ. ಹಪ್ಪಳ ಯಾರದೆಂದು ದೊಡ್ಡಮ್ಮ ಕೇಳುತ್ತಿರಲಿಲ್ಲ, ಉಪ್ಪಿನಕಾಯಿ ಯಾರದೆಂದು ಅಮ್ಮ ಕೇಳುತ್ತಿರಲಿಲ್ಲ. ಇಬ್ಬರೂ ತಿನ್ನುತ್ತಿದ್ದರು.

ಮಾವನ ಮುಂದಿನ ಮೆಷಿನಿನ ಗುಟ್ಟು ಇದೇ. “ಎದುರು ಬದುರು ಕೂತದ್ದೇ ತಪ್ಪಾದದ್ದು ಮಗಳೇ,” ಎನ್ನುತ್ತಿದ್ದರು ನನಗೆ. “ಮೆಷಿನಿನಲ್ಲಿ ಹಾಗಲ್ಲ. ಇಬ್ಬರೂ ಪಕ್ಕ ಪಕ್ಕ ಕೂರ್ಬೇಕು, ಇಬ್ಬರೂ ಟಿ.ವಿ.ಯನ್ನೇ ನೋಡ್ಬೇಕು. ಮೋರೆ ನೋಡ್ಲಿಕ್ಕೇ ಇಲ್ಲ! ಜಗಳ ಆದವರಿಗೆ ಇದಕ್ಕಿಂತ ಒಳ್ಳೆ ಆಟ ಎಂತ ಉಂಟು?”

ಇಷ್ಟು ಹೇಳಿದ ಮೇಲೆ, ಪತ್ರಿಕೆಯಲ್ಲಿ ಬಂದ ಆ ಕೆಟ್ಟ ಸುದ್ದಿ ಮಾವನನ್ನು ಹೇಗೆ ಹೊಡೆಯಿತು ಎಂದು ನೀವೇ ಊಹಿಸಿ. ಅಮೆರಿಕದಲ್ಲಿ ಹೊರಗಿನವರು ಮಿತಿ ಮೀರಿ ಬಂದರಂತೆ. ಕಂಡಕಂಡವರೆಲ್ಲ ಆಟ ಮಾಡಿ ಮಾರಿದರಂತೆ. ಆಟಗಳು ಎಷ್ಟು ಕಳಪೆಯಾದವೆಂದರೆ ಜನ ಆಟವನ್ನೇ ಬಿಟ್ಟರಂತೆ, ಅಂಗಡಿಗಳು ಮುಚ್ಚಿದವಂತೆ. ಮಾವ ಒಂದು ವಾರ ಮಂಕಾಗಿ ಕೂತರು. ಗೋಳಿಬಜೆ ತಿನ್ನಲಿಲ್ಲ. ಆಫೀಸಿಗೆ ಹೋಗುವಾಗ ಇಸ್ತ್ರಿ ಹಾಕದ ಅಂಗಿ ಹಾಕಿದರು. ನೋಡಿದವರು ಮನೆಯಲ್ಲಿ ಏನಾದರೂ ಆಯಿತೇ ಎಂದು ವಿಚಾರಿಸಿಕೊಂಡು ಬಂದರು. ಅಮೆರಿಕದಲ್ಲಿ ಕ್ಯಾಸೆಟ್ ಮಾರಾಟ ಬಿದ್ದದ್ದಕ್ಕೆ ನಮ್ಮ ಮನೆಗೆ ಸಮಾಧಾನ ಹೇಳಲು ಜನ ಬಂದರೆಂದರೆ ನಂಬುತ್ತೀರಾ?

ಅವರನ್ನು ಮೇಲೆತ್ತಿದವರು ಅಪ್ಪ. “ನಮ್ಮ ಹೋಟೆಲಿಗೂ ಒಮ್ಮೆ ಹೀಗೇ ಆಯ್ತು ಭಾವ. ಯಾರು ತಂದ್ರೂ ಚಕ್ಕುಲಿ ತಕ್ಕೊಂಡೆವು. ಒಬ್ಬ ಹಳಸಿದ್ದು ಕೊಟ್ಟ. ಜನ ಚಕ್ಕುಲಿಯ ಡಬ್ಬಿಯನ್ನೇ ನೋಡ್ಲಿಲ್ಲ. ಆಮೇಲೆ ಎಂತ ಮಾಡಿದೆವು? ಚಕ್ಕುಲಿ ನಿಲ್ಲಿಸ್ಲಿಲ್ಲ. ತಿಂದು ನೋಡಿ ತಕ್ಕೊಂಡೆವು.”

ಮಾವ ಅಪ್ಪನನ್ನು ನೋಡಿದ ನೋಟವನ್ನು ಏನೆಂದು ಹೇಳಲಿ! ಮತ್ತೆ ಕೆಲವು ತಿಂಗಳಿಗೆ ಬಂದ ಪತ್ರಿಕೆಯಲ್ಲಿ ಅದೇ ಸುದ್ದಿ ಇತ್ತು. ಜಪಾನಿನವರು ಹೊಸ ಮೆಷಿನ್ ಮಾಡಿದ್ದಾರೆ, ಅದಕ್ಕೆ ಹೊರಗಿನವರೂ ಆಟ ಮಾಡಬಹುದು, ಆದರೆ ಕಂಪೆನಿಯವರು ನೋಡಿ ಒಪ್ಪಿದರೆ ಮಾತ್ರ. “ತಿಂದು ನೋಡಿ ತಕ್ಕೊಳ್ತಾರೆ!” ಎಂದು ಮಾವ ಕೂಗಿದರು. ಆ ದಿನದಿಂದ ಜಪಾನಿನವರಿಗೆ ಬುದ್ಧಿ ಹೇಳಿಕೊಟ್ಟವರು ತಮ್ಮ ಭಾವನೇ ಎಂಬಂತೆ ಊರಿನಲ್ಲಿ ಹೇಳಿಕೊಂಡು ತಿರುಗಿದರು.

ಅಷ್ಟಕ್ಕೇ ನಿಲ್ಲದೆ, ಪಣಂಬೂರಿನ ಬಂದರಿಗೆ ಒಂದು ಜಪಾನೀ ಹಡಗು ಬಂದಾಗ ಚೆನ್ನೆಮಣೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಜಪಾನಿನವರೆಲ್ಲ ಒಬ್ಬರಿಗೊಬ್ಬರು ಪರಿಚಯವೇ ಇರುತ್ತಾರೆಂದು ಅವರ ಲೆಕ್ಕ. ಸಿಕ್ಕಿದವನು ಹಡಗಿನ ಅಡಿಗೆಯವ. ಮಾವ ಅವನಿಗೆ ಆಟ ಆಡಿ ತೋರಿಸಿದರು. ಅವನು ನಕ್ಕು, ಬಗ್ಗಿ, ಮತ್ತೆ ಬಗ್ಗಿ ನಮಸ್ಕರಿಸಿದ. ಮಾವ ಒಂದು ಹಿಡಿ ಮಂಜೊಟ್ಟಿ ಬೀಜ ಕೊಟ್ಟು, “ಕಂಪೆನಿಗೆ ತೋರಿಸಿ” ಎಂದರು. ಅವನು ಸಂತೋಷದಿಂದ ತೆಗೆದುಕೊಂಡು, ಅಡಿಗೆಕೋಣೆಗೆ ಹೋಗಿ, ಅವನ್ನು ಬೇಯಲು ಹಾಕಿದ! ಬೀಜ ಬೇಯಲಿಲ್ಲವೆಂದು ಆಮೇಲೆ ವಿಷಾದದಿಂದ ತಿಳಿಸಿ ಒಂದು ಮಿಠಾಯಿ ಪೊಟ್ಟಣ ಕೊಟ್ಟನಂತೆ. ಮಾವ ಆ ಮಿಠಾಯಿಯನ್ನು ಎರಡು ಪಾಲು ಮಾಡಿದರು. ಒಂದು ಪಾಲು ಅಮ್ಮನಿಗೆ, ಇನ್ನೊಂದು ಕುಲಶೇಖರಕ್ಕೆ.

ಈ ನಡುವೆ ಲಿಲ್ಲಿ ಬಾಯಿಯ ಮಗ ಸಿರಿಲ್ ಬಹರೈನಿನಿಂದ ರಜೆಗೆ ಬಂದು ಹೋಗುತ್ತಿದ್ದ. ಹೋಗುವಾಗಲೆಲ್ಲ, “ಮುಂದಿನ ಸಲ ನಿಮಗೆ ವಿಡಿಯೋ ಗೇಮ್ ತರ್ಲಾ?” ಎಂದು ಮಾವನನ್ನು ಕೇಳುತ್ತಿದ್ದ. ಮಾವ ಗಂಭೀರವಾಗಿ ತಲೆಯಾಡಿಸಿ, “ಈಗ ಬೇಡ ಸಿರಿಲ್. ಮುಂದಿನದು ಬರ್ಲಿ” ಎನ್ನುತ್ತಿದ್ದರು. ಸಿರಿಲ್ ಸೆಂಟು ತಂದ, ಟಾರ್ಚು ತಂದ, ಬೆಳಕು ಬಿದ್ದರೆ ಮಿನುಗುವ ಸೀರೆ ತಂದ. ಮೆಷಿನ್ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಊರಿನ ಮನೆಮನೆಗೂ ಟಿ.ವಿ. ಬಂತು, ಮಾವ ಬೇಡವೆಂದರೂ ಅಪ್ಪ ನಮ್ಮ ಮನೆಗೂ ತಂದರು. ಅಜ್ಜಿಗೆ ಕಣ್ಣು ಮಂಜಾಯಿತು, ನಡಿಗೆ ಜಗಲಿಯವರೆಗೆ ಬಂದು ನಿಂತಿತು. ಒಂದು ದಿನ ಅಜ್ಜಿ ಮಾವನನ್ನು ಕರೆದು, “ನಿನ್ನ ಮುಂದಿನದ್ದು ಯಾವಾಗ ಮಗಾ? ಅವರಿಬ್ಬರು ಒಟ್ಟಿಗೆ ಕೂತದ್ದನ್ನು ನಾನು ನೋಡ್ಬೇಡ್ವಾ?” ಎಂದು ಕೇಳಿದರು.

ಮರುದಿನ ಮಾವ ಲಿಲ್ಲಿ ಬಾಯಿಯ ಮನೆಗೆ ಹೋಗಿ ಹೇಳಿದರು: “ಸಿರಿಲ್‌ಗೆ ಬರೀರಿ. ಯಾವುದು ಸಿಗ್ತದೋ ಅದನ್ನು ತರ್ಲಿ.” ಮಾವನ ಬಾಯಿಯಲ್ಲಿ ಈ ಮಾತು ಬಂದದ್ದನ್ನು ಕೇಳಿ ಲಿಲ್ಲಿ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು.

ಸಿರಿಲ್ ತಂದ ಮೆಷಿನ್ ಆಟಿ ತಿಂಗಳಲ್ಲೇ ಬಂತು. ಅಜ್ಜಿ ತಕರಾರು ತೆಗೆದರು. “ಆಟಿಯಲ್ಲಿ ಹೊಸದು ಎಂತ ಸುರು ಮಾಡ್ಲಿಕ್ಕುಂಟಾ?”

“ಚೆನ್ನೆ ಆಡುವುದು ಯಾವಾಗ ಅಮ್ಮ?” ಎಂದು ಮಾವ ಕೇಳಿದರು.

“ಆಟಿಯಲ್ಲಿ.”

“ಇದು ಚೆನ್ನೆಯ ಮೆಷಿನ್. ಮತ್ತೆ?”

ಅಜ್ಜಿ ಕೇಳಿದರು: “ಅಕ್ಕತಂಗಿ ಆಡ್ಬಾರ್ದಲ್ಲ?”

“ಎದುರು ಬದುರು ಕೂತ್ರೆ ಅಲ್ವಾ? ಇದರಲ್ಲಿ ಪಕ್ಕ ಪಕ್ಕ.”

ಅಜ್ಜಿಗೆ ಈ ತರ್ಕ ಬಹಳ ಹಿಡಿಸಿತು. ಹಿಂದಿನವರಿಗೆ ಪಕ್ಕದಲ್ಲಿ ಕೂತು ಆಡುವ ಬುದ್ಧಿ ಯಾಕೆ ಬರಲಿಲ್ಲವೋ ಎಂದು ಅವರ ಮೇಲೆಯೇ ಬೇಸರಪಟ್ಟುಕೊಂಡರು.

ಇನ್ನು ಉಳಿದದ್ದು ಹೇಳಿಕೆ. ಮಾವ ಇಸ್ತ್ರಿ ಹಾಕಿದ ಬಿಳಿ ಪಂಚೆ ಉಟ್ಟು, ಹರಿವಾಣದಲ್ಲಿ ವೀಳ್ಯ ಇಟ್ಟುಕೊಂಡು ಕುಲಶೇಖರಕ್ಕೆ ಹೋದರು. ದೊಡ್ಡಮ್ಮ ಮನೆಯಲ್ಲಿ ಇದ್ದಾರೆಂದು ಎದುರು ಮನೆಯವರಲ್ಲಿ ವಿಚಾರಿಸಿ, ಬಾಗಿಲಿಗೆ ಬೀಗವಿಲ್ಲವೆಂದು ಮುಟ್ಟಿ ನೋಡಿ, ಒಳಗೆ ಹೋಗಿ, ಕಾಲಿಗೆ ನೀರು ಕೇಳಿ ಪಡೆದು, ಅಕ್ಕನ ಕೈಗೆ ವೀಳ್ಯ ಕೊಟ್ಟು, ಬರುವ ಭಾನುವಾರ ಮೆಷಿನಿನ ಆಟಕ್ಕೆ ಊಟಕ್ಕೆ ಮುಂಚೆ ಬರಬೇಕೆಂದು ಹೇಳಿದರು. ಇಂತಹ ಲೋಪವಿಲ್ಲದ ಹೇಳಿಕೆಯನ್ನು ತಳ್ಳಿಹಾಕುವುದು ಯಾವ ತುಳುವ ಹೆಂಗಸಿಗೆ ಸಾಧ್ಯ?

ಅಲ್ಲಿಂದ ಬಂದವರು ನಮ್ಮ ಮನೆಯೊಳಗೆ ಬರಲಿಲ್ಲ! ಗೇಟಿನ ಹೊರಗೆ ನಿಂತು, ಮಳೆಯಲ್ಲಿ, ಸಣ್ಣಕ್ಕಾ ಎಂದು ಕರೆದರು. ಅಮ್ಮ ಹೊರಗೆ ಬಂದರು. “ಎಂತ ಮಾರಾಯ, ಒಳಗೆ ಬಾ, ಮಳೆಗೆ ಚಂಡಿ ಆಗ್ತೀಯ.”

“ಕಾಲಿಗೆ ನೀರು ಕೊಡು. ಹೇಳಿಕೆ ಉಂಟು.”

“ಯಾವ ಮನೆಗೆ ಹೇಳಿಕೆ?”

“ಈ ಮನೆಗೆ!”

ಅಮ್ಮನಿಗೆ ನಗು ತಡೆಯಲಾಗಲಿಲ್ಲ, ಸಿಟ್ಟೂ ತಡೆಯಲಾಗಲಿಲ್ಲ. ಆದರೂ ತಂಬಿಗೆಯಲ್ಲಿ ನೀರು ತಂದರು. ಮಾವ ತಾನು ಹುಟ್ಟಿ ಬೆಳೆದ ಮನೆಗೆ ನೆಂಟನಂತೆ ಕಾಲು ತೊಳೆದು ಒಳಗೆ ಬಂದು, ಅಕ್ಕನನ್ನು ಅಕ್ಕನದೇ ಮನೆಗೆ ಆಮಂತ್ರಿಸಿದರು. “ದೊಡ್ಡಕ್ಕನೂ ಬರ್ತಾಳೆ. ಹೇಳಿಕೆ ಇಬ್ಬರಿಗೂ ಮನೆಗೆ ಬಂದೇ ಹೇಳಿದ್ದೇನೆ. ಬೀಗ ಎಲ್ಲಿಯೂ ಇರ್ಲಿಲ್ಲ.” ಅಮ್ಮ ವೀಳ್ಯ ಹಿಡಿದುಕೊಂಡು ಅಡಿಗೆಮನೆಗೆ ಹೋದರು. ದೇವಸ್ಥಾನದ ಮಾತು ಆ ಸಲ ಬರಲಿಲ್ಲ.

ಭಾನುವಾರ ಬಂತು. ದೊಡ್ಡಮ್ಮ ಬಂದರು. ಅಮ್ಮ ಕಾಲಿಗೆ ನೀರು ಇಟ್ಟರು, ಮಾತಾಡಲಿಲ್ಲ. ಟಿ.ವಿ. ಮುಂದೆ ಚಾಪೆ ಹಾಸಿತ್ತು. ಅಜ್ಜಿ ಕುರ್ಚಿಯಲ್ಲಿ ಕೂತು, “ಇಬ್ಬರೂ ಕೂತ್ಕೊಳ್ಳಿ. ಪಕ್ಕ ಪಕ್ಕ!” ಎಂದು ಅಪ್ಪಣೆ ಮಾಡಿದರು. ಕೂತರು. ನಡುವೆ ಒಬ್ಬರು ಆರಾಮವಾಗಿ ಮಲಗುವಷ್ಟು ಜಾಗ ಬಿಟ್ಟು ಕೂತರು. ಸಿರಿಲ್ ಇಬ್ಬರ ಕೈಗೂ ಒಂದೊಂದು ಕೋಲು ಕೊಟ್ಟ, ಗುಂಡಿ ಒತ್ತಿದ. ಪರದೆಯ ಮೇಲೆ ಇಬ್ಬರು ಕುಳ್ಳರು ಟೊಪ್ಪಿ ಹಾಕಿಕೊಂಡು ಬೆಟ್ಟದ ಬುಡದಲ್ಲಿ ಪ್ರತ್ಯಕ್ಷರಾದರು.

ದೊಡ್ಡಮ್ಮ ಹುಬ್ಬು ಗಂಟಿಕ್ಕಿದರು. “ಇದರಲ್ಲಿ ಚೆನ್ನೆ ಎಲ್ಲಿ ಉಂಟು?”

“ಚೆನ್ನೆ ಹೊರಗಿನವರು ಇನ್ನೂ ಮಾಡ್ತಾ ಇದ್ದಾರೆ ಅಕ್ಕ,” ಎಂದರು ಮಾವ, ಮೋರೆಯಲ್ಲಿ ಒಂದಿಷ್ಟೂ ನಾಚಿಕೆಯಿಲ್ಲದೆ. “ಅಲ್ಲಿವರೆಗೆ ಇದು.”

ಆಟ ಇಷ್ಟೇ. ಕುಳ್ಳರಿಬ್ಬರೂ ಒಟ್ಟಿಗೆ ಬೆಟ್ಟ ಹತ್ತಬೇಕು. ಒಬ್ಬ ಹಿಂದೆ ಉಳಿದರೆ ಪರದೆಯಿಂದ ಜಾರಿ ಬಿದ್ದು ಸಾಯುತ್ತಾನೆ, ಆಟ ಇಬ್ಬರಿಗೂ ಮೊದಲಿನಿಂದ. ಅಮ್ಮನ ಕುಳ್ಳ ಓಡಿ ಹತ್ತಿದ. ದೊಡ್ಡಮ್ಮನ ಕುಳ್ಳ ಕೆಳಗೆ ಬಿದ್ದು ಸತ್ತ. “ಅವಳಿಗೆ ಹೇಳು, ಸ್ವಲ್ಪ ನಿಲ್ಲಿಕ್ಕೆ,” ಎಂದು ದೊಡ್ಡಮ್ಮ ನನಗೆ ಹೇಳಿದರು. “ಅವಳಿಗೆ ಹೇಳು, ಗುಂಡಿ ಒತ್ತಿದ್ರೆ ಹಾರ್ತದೆ ಅಂತ,” ಎಂದು ಅಮ್ಮನೂ ನನಗೇ ಹೇಳಿದರು. ಪಕ್ಕದಲ್ಲಿ ಕೂತವರ ಮಾತನ್ನು ಪಕ್ಕದವರಿಗೆ ತಲುಪಿಸುವ ಅಂಚೆಯವಳಾಗಿ ನಾನು ಹೈರಾಣಾದೆ. ಕುಳ್ಳರು ಮತ್ತೆ ಸತ್ತರು, ಮತ್ತೆ ಹುಟ್ಟಿದರು. ಆಟ ವೇಗವಾಯಿತು. ನನ್ನ ಮೂಲಕ ಮಾತು ಹೋಗಿ ಬರುವಷ್ಟು ಪುರುಸೊತ್ತು ಅವರಿಗೆ ಕೊಡುತ್ತಿರಲಿಲ್ಲ ಆ ಬೆಟ್ಟ. ಒಂದು ದೊಡ್ಡ ಬಂಡೆ ಉರುಳಿ ಬಂತು.

“ಅಕ್ಕಾ, ಹಾರು!”

ಅಮ್ಮ ಕೂಗಿದ್ದು. “ಹಾರಿದೆ ಮಾರಾಯ್ತಿ! ನೀನು ಅಲ್ಲೇ ನಿಲ್ಲು, ನಾನು ಬಂದೆ!” ಎಂದು ದೊಡ್ಡಮ್ಮ ಕೂಗಿದರು. ಅಷ್ಟು ವರ್ಷಗಳ ಮೇಲೆ ನಮ್ಮ ಅಮ್ಮ ತನ್ನ ಅಕ್ಕನಿಗೆ ಆಡಿದ ಮೊದಲ ಮಾತು ‘ಹಾರು’! ಸಂಧಾನಕ್ಕೆ ಹೋದ ಹಿರಿಯರು ಯಾರೂ ಇಂತಹ ಮಾತನ್ನು ಹೇಳಿಕೊಟ್ಟಿರಲಾರರು. ಅಜ್ಜಿ ಮಂಜು ಕಣ್ಣಿನಲ್ಲಿ ಟಿ.ವಿ. ಬಿಟ್ಟು ಚಾಪೆಯನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಕರೆಂಟು ಹೋಯಿತು. ಆಟಿಯ ಮಳೆಗೆ ಅದು ಹೋಗದಿದ್ದರೆ ಆಶ್ಚರ್ಯ. ಕಪ್ಪು ಪರದೆಯ ಮುಂದೆ ಇಬ್ಬರೂ ಕೋಲು ಹಿಡಿದುಕೊಂಡೇ ಕೂತಿದ್ದರು, ಏಳಲಿಲ್ಲ. ಅಮ್ಮ ಪರದೆಯನ್ನೇ ನೋಡುತ್ತ ಕೇಳಿದರು: “ಆ ದಿನ ನೀನು ಎಷ್ಟು ಹೊತ್ತಿಗೆ ಬಂದದ್ದು?”

“ಚಾದ ಹೊತ್ತಿಗೆ. ನಿನಗೆ ಇಷ್ಟ ಅಂತ ಜೀಗುಜ್ಜೆ ಪೋಡಿ ಕರಿದು ತಂದಿದ್ದೆ. ಬೀಗ ಉಂಟಲ್ಲ, ಎಂತ ಮಾಡುದು? ಲಿಲ್ಲಿ ಬಾಯಿಯ ಹತ್ರ ಕೊಟ್ಟು ಹೋದೆ.”

“ಪೋಡಿಯ ಸುದ್ದಿ ಅವಳು ಹೇಳ್ಲೇ ಇಲ್ಲ!”

“ತಿಂದವಳು ಹೇಗೆ ಹೇಳ್ತಾಳೆ?”

ಬಾಗಿಲ ಬಳಿ ನಿಂತಿದ್ದ ಲಿಲ್ಲಿ ಬಾಯಿಗೆ ತಕ್ಷಣ ಮನೆಯಲ್ಲಿ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು! ಅಕ್ಕತಂಗಿಯರು ನಗತೊಡಗಿದರು. ನಗುತ್ತ ನಗುತ್ತ ಅಮ್ಮ ಸೆರಗಿನಿಂದ ಕಣ್ಣೊರೆಸಿದರು. ದೊಡ್ಡಮ್ಮನೂ ಒರೆಸಿದರು. ನಡುವಿನ ಜಾಗ ಯಾವಾಗ ಮುಚ್ಚಿತೆಂದು ನನಗೆ ತಿಳಿಯಲಿಲ್ಲ.

ಕರೆಂಟು ಬಂತು. ಆಗ ದೊಡ್ಡಮ್ಮನಿಗೆ ತಮ್ಮನ ನೆನಪಾಯಿತು. ಸುತ್ತ ಹುಡುಕಿದರೆ, ಮಾವ ಚಾವಡಿಯ ಬಾಗಿಲಲ್ಲಿ ಹೊರಗಡೆಗೆ ಮೋರೆ ಮಾಡಿ, ಒಂದು ಕೈ ಚೌಕಟ್ಟಿನ ದಾರಂದಕ್ಕೆ ಕೊಟ್ಟು ನಿಂತಿದ್ದಾರೆ. ಆಟ ಸುರುವಾದಾಗಿನಿಂದ ಅಲ್ಲಿಯೇ ನಿಂತಿದ್ದರು. ಯಾರನ್ನು ಕಾಯುತ್ತಿದ್ದರೋ! ಕಾವಲಿನ ಕಾಲಿಗೆ ಹಳೆಯ ರೂಢಿ ಮರೆತಿರಲಿಲ್ಲ.

“ಬಾರೋ,” ಎಂದು ದೊಡ್ಡಮ್ಮ ತಮ್ಮ ಕೋಲು ಚಾಚಿದರು. “ಎಷ್ಟು ವರ್ಷದಿಂದ ಮೆಷಿನ್ ಮೆಷಿನ್ ಅಂತ ಬಡ್ಕೊಂಡದ್ದು ನೀನು. ಆಡು ಈಗ.”

ಮಾವ ತಿರುಗಿ ನೋಡಿ ನಕ್ಕರು. “ಇದರಲ್ಲಿ ಎರಡೇ ಕೋಲು ಅಲ್ವಾ ಅಕ್ಕ? ನೀವು ಆಡಿ. ಮುಂದಿನ ಮೆಷಿನ್ ಬರ್ಲಿ. ಅದರಲ್ಲಿ ಮೂರು ಜನ ಆಡಬಹುದಂತೆ.”

ಅಷ್ಟು ವರ್ಷ ಅವರ ಮುಂದಿನದನ್ನು ಕೇಳಿ ನಕ್ಕಿದ್ದ ನಮಗೆ ಯಾರಿಗೂ ಆಗ ನಗು ಬರಲಿಲ್ಲ. ಅಮ್ಮ ಚಾಪೆಯ ಮೇಲೆ ಆಚೆಗೆ ಸರಿದರು, ದೊಡ್ಡಮ್ಮ ಈಚೆಗೆ ಸರಿದರು. ನಡುವೆ ಒಬ್ಬರಿಗೆ ಕೂರುವಷ್ಟು ಜಾಗವಾಯಿತು. ಮಾವ ಆದರೂ ಬಾಗಿಲು ಬಿಟ್ಟು ಅಲುಗಲಿಲ್ಲ.

ಆಗ ಅಜ್ಜಿ ಗೋಡೆ ಹಿಡಿದುಕೊಂಡು ಮೆಲ್ಲನೆ ಎದ್ದರು. ಒಂದೊಂದೇ ಹೆಜ್ಜೆ ಇಟ್ಟು ಬಾಗಿಲಿಗೆ ಬಂದು, ಮಗನ ಕೈಯನ್ನು ದಾರಂದದಿಂದ ಬಿಡಿಸಿ, ಅಲ್ಲಿ ತನ್ನ ಕೈ ಇಟ್ಟರು.

“ಬಾಗಿಲು ನಾನು ನೋಡ್ಕೊಳ್ತೇನೆ ಮಗಾ. ನೀನು ಹೋಗಿ ಕೂತ್ಕೋ,” ಎಂದರು. “ಇನ್ನು ಕೆಮ್ಮುದು ಬೇಡ.”

ಮಾವ ಹೋಗಿ ಅಕ್ಕಂದಿರ ನಡುವೆ ಕೂತರು.